ನೆಹರು ನಗರದವರೆಗೆ ಊರ ಸೀಮೆ

ಅವರ ಬಲಗೈ ಹೆಬ್ಬೆರಳಿನ ಉಗುರು ಎರಡು ಬಣ್ಣದ್ದಾಗಿತ್ತು. ಬುಡದಲ್ಲಿ ಕಪ್ಪು, ತುದಿಯಲ್ಲಿ ಹಳದಿ. ಕಪ್ಪು ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯ ಉಸುಕಿನದು. ಹಳದಿ ನಮ್ಮೂರ ದೇವಿಯ ಭಂಡಾರದ್ದು, ಅಂದರೆ ಗುಡಿಯಲ್ಲಿ ಹಣೆಗೆ ಹಚ್ಚುವ ಅರಿಶಿನ ಪುಡಿಯದು. ಎಷ್ಟು ತಿಕ್ಕಿ ತೊಳೆದರೂ ಎರಡೂ ಹೋಗುತ್ತಿರಲಿಲ್ಲ. ಇದನ್ನು ಬರೆಯುತ್ತಿರುವಾಗಲೇ ನನಗೆ ಅನುಮಾನ ಶುರುವಾಯಿತು: ಕಪ್ಪು ಬುಡದಲ್ಲಿತ್ತೋ ತುದಿಯಲ್ಲಿತ್ತೋ? ಅಕ್ಕನಿಗೆ ಫೋನ್ ಮಾಡಿ ಕೇಳಿದೆ. “ಅವರ ಉಗುರು ಯಾರ ನೋಡ್ಯಾರಪ್ಪಾ! ನಾವೆಲ್ಲಾ ಅವರು ಕೊಡೂ ಕೊಬ್ಬರಿ ನೋಡ್ತಿದ್ವಿ” ಅಂದಳು. ಹಾಗಾಗಿ ಉಗುರಿನ ವಿಷಯದಲ್ಲಿ ನನ್ನೊಬ್ಬನದೇ ಸಾಕ್ಷಿ. ಅದನ್ನು ಎಷ್ಟು ನಂಬಬೇಕೋ ಅಷ್ಟೇ ನಂಬಿ.

ಊರೆಲ್ಲ ಅವರನ್ನು ಗುರವ ಕಾಕಾ ಎನ್ನುತ್ತಿತ್ತು. ಗುಂಜಿ ಸ್ಟೇಷನ್ನಿನಿಂದ ಕಾಡಿನಂಚು ಹಿಡಿದು ಅರ್ಧ ತಾಸು ನಡೆದರೆ ನಮ್ಮೂರು. ಗುರವ ಎಂದರೆ ಗುಡಿಯ ಪೂಜಾರಿ; ಅಲ್ಲಿ ದೇವಿಯ ಪೂಜೆ ಅವರ ಮನೆತನದ್ದು. ಪೂಜೆಯೊಂದರಿಂದ ಸಂಸಾರ ಸಾಗದು ಎಂದು ಹರೆಯದಲ್ಲೇ ಫೌಂಡ್ರಿ ಸೇರಿ ಮೋಲ್ಡರ್ ಆಗಿದ್ದರು. ಹಸಿ ಉಸುಕಿನಲ್ಲಿ ಅಚ್ಚು ಕಟ್ಟುವುದು, ಅದರೊಳಗೆ ಕರಗಿದ ಕಬ್ಬಿಣ ಹೊಯ್ಯುವುದು ಅಲ್ಲಿಯ ಕೆಲಸ. ನಸುಕಿನಲ್ಲಿ ದೇವಿಗೆ ನೀರು ಹಾಕಿ ಹೂ ಇಟ್ಟು, ಊಟದ ಡಬ್ಬಿ ಹಿಡಿದು ಬಸ್ಸಿಗೆ ಓಡುವರು. ಫಸ್ಟ್ ಶಿಫ್ಟ್ ಮುಗಿಸಿ ಸಂಜೆಗೆ ಬಂದು, ಬಾವಿಯಲ್ಲಿ ಮಿಂದು, ಮತ್ತೆ ದೀಪ ಹಚ್ಚುವರು.

ದೇವಿಯ ಜೊತೆ ಅವರದು ಪಕ್ಕದ ಮನೆಯವರ ಜೊತೆಗಿನ ಸಲಿಗೆ. “ನಿನ್ನಿ ಎಣ್ಣಿ ಕಮ್ಮಿ ಬಿದ್ದಿತ್ತು, ಸಿಟ್ಟಾಗಬ್ಯಾಡ” ಎಂದು ಹೇಳಿಯೇ ದೀಪಕ್ಕೆ ಎಣ್ಣೆ ಬಿಡುವರು. ಯಾರಾದರೂ ಗಂಟೆಯನ್ನು ಒಂದೇ ಸಮನೆ ಬಾರಿಸಿದರೆ “ಸಾಕೋ, ಆಕಿ ಕಿವುಡಿ ಅಲ್ಲ” ಎಂದು ಒಳಗಿನಿಂದ ಕೂಗುವರು. ಏನೇ ಬೇಡಿಕೊಂಡರೂ ಕನ್ನಡದಲ್ಲಿ ಒಮ್ಮೆ, ಮರಾಠಿಯಲ್ಲಿ ಒಮ್ಮೆ. ನಮ್ಮೂರಲ್ಲಿ ಎರಡೂ ಮಾತಿನ ಮನೆಗಳು ಅರ್ಧರ್ಧ. ಒಮ್ಮೆ ನಾನು, ಧಾರವಾಡದಲ್ಲಿ ಭೌತಶಾಸ್ತ್ರ ಓದುತ್ತಿದ್ದ ಸೊಕ್ಕಿನಲ್ಲಿ, ದೇವರಿಗೆ ಒಂದು ಭಾಷೆ ಸಾಲದೇ ಎಂದು ಕೆಣಕಿದ್ದೆ. “ಆಕಿಗೆ ಸಾಕಪ್ಪಾ. ಹಿಂದ ನಿಂತವರಿಗೆ ಸಾಕಾಗಬೇಕಲಾ” ಅಂದಿದ್ದರು.

ಅವರ ಬಗ್ಗೆ ಹೇಳಬೇಕಾದರೆ ಮೊದಲು ನಮ್ಮೂರ ಸೀಮೆಯ ಬಗ್ಗೆ ಹೇಳಬೇಕು. ವರ್ಷಕ್ಕೊಮ್ಮೆ, ಹೋಳಿಯ ಆಜೂಬಾಜು, ದೇವಿಯ ಬೆಳ್ಳಿ ಮುಖ ಗುಡಿಯಿಂದ ಹೊರಬಂದು ಒಂಬತ್ತು ದಿನ ಮನೆಮನೆಗೆ ಹೋಗುತ್ತದೆ. ಅದಕ್ಕೆ ಮುಂಚಿನ ದಿನ ಗುರವರು ಊರ ಸುತ್ತ ನಡೆದು ನಾಲ್ಕು ದಿಕ್ಕಿಗೂ ಭಂಡಾರ ಹಾಕಿ ಸೀಮೆ ಕಟ್ಟುತ್ತಾರೆ. ಕಟ್ಟಿದ ಮೇಲೆ ದೇವಿ ಗುಡಿಗೆ ಮರಳುವ ತನಕ ಊರಿನವರು ಯಾರೂ ಸೀಮೆಯಾಚೆ ಮಲಗುವಂತಿಲ್ಲ. ಹಗಲು ಕೆಲಸಕ್ಕೆ, ಸಂತೆಗೆ ಎಲ್ಲಿಗಾದರೂ ಹೋಗಬಹುದು. ನಿದ್ದೆಗೆ ಮಾತ್ರ ಊರಿಗೇ ಬರಬೇಕು. ಬಹಳ ಹಿಂದೆ ಒಬ್ಬ ಹೆಣ್ಣುಮಗಳು ತವರಿನಲ್ಲಿ ತಂದೆ ತೀರಿಕೊಂಡರೆಂದು ಹೋಗಿ ಅಲ್ಲೇ ಎರಡು ರಾತ್ರಿ ಉಳಿದಿದ್ದಳಂತೆ. ಆ ವರ್ಷ ದನಗಳಿಗೆ ರೋಗ ಬಂತು. ಆಕೆ ಮುದುಕಿಯಾಗಿ ಸಾಯುವವರೆಗೂ ಊರ ಬಾಯಲ್ಲಿ ‘ಸೀಮೆ ದಾಟಿದಾಕಿ’ ಆಗಿಯೇ ಉಳಿದಳು.

ಹದಿಮೂರು ವರ್ಷದ ಹಿಂದೆ, ಸೀಮೆ ಕಟ್ಟಿದ ಎರಡನೆಯ ದಿನ ನಮ್ಮ ಅವ್ವನಿಗೆ ಹೊಟ್ಟೆನೋವು ಬಂತು. ಖಾನಾಪುರದ ಡಾಕ್ಟರು ಮುಟ್ಟಿ ನೋಡಿ, ಅಪೆಂಡಿಕ್ಸ್ ಒಡೆಯುವ ಹಾಗಿದೆ, ಇವತ್ತೇ ಬೆಳಗಾವಿಗೆ ಒಯ್ದು ಆಪರೇಶನ್ ಮಾಡಿಸಿ ಎಂದರು. ಅಪ್ಪ ಆಗಲೇ ಇರಲಿಲ್ಲ; ಇದ್ದವರು ನಾನು ಮತ್ತು ಅಕ್ಕ. ನೆಹರು ನಗರದ ದೊಡ್ಡ ದವಾಖಾನೆಗೆ ಹೋಗಲು ಜೀಪು ಗೊತ್ತು ಮಾಡಿದೆ. ಅವ್ವ ಮಾತ್ರ, ಜೀಪು ಮೊದಲು ಮನೆಗೆ ಹೋಗಲಿ ಎಂದು ಹಟ ಹಿಡಿದಳು. ಮನೆ ಮುಟ್ಟಿದ ಮೇಲೆ ಕೌದಿ ಹೊದ್ದು ಮಲಗಿಬಿಟ್ಟಳು.

“ಅಲ್ಲಿ ಎಷ್ಟ ದಿನ ಮಲಗಸ್ತಾರು?”

“ನಾಕೈದು ದಿನ.”

“ಹಂಗಾರ ನಾ ಒಲ್ಲೆ. ನನ್ನ ಸಲುವಾಗಿ ಊರಿಗೆ ಏನಾರ ಆದ್ರ?”

ಸುದ್ದಿ ಕೇಳಿ ಊರ ಪಂಚರು ಬಂದರು. ನಾನು ಅವರ ಮುಂದೆ ಭಾಷಣ ಮಾಡಿದೆ. ದನದ ರೋಗ ಯಾವುದರಿಂದ ಬರುತ್ತದೆ, ಮೂಢನಂಬಿಕೆ ಎಂದರೇನು, ಎಲ್ಲವನ್ನೂ ಏರಿದ ದನಿಯಲ್ಲಿ ಹೇಳಿದೆ. ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಅವ್ವ ಗೋಡೆಯ ಕಡೆ ಹೊರಳಿ ಮಲಗಿದಳು. ಹಿರಿಯ ಪಂಚರು “ಸಾಲಿ ಕಲ್ತು ಹುಡುಗ ಹಾಳಾದ” ಎಂದು ಅಕ್ಕನಿಗೆ ಹೇಳಿ ಎದ್ದು ಹೋದರು.

ನಾಲ್ಕೂವರೆಗೆ ಬಸ್ಸಿಳಿದು ಬರುತ್ತಿದ್ದ ಗುರವ ಕಾಕಾನನ್ನು ದಾರಿಯಲ್ಲೇ ತಡೆದು ಎಲ್ಲ ಹೇಳಿದೆ. ಅವರ ಕಿವಿಯೊಳಗೆ ಇನ್ನೂ ಫೌಂಡ್ರಿಯ ಮಸಿ ಇತ್ತು. ಅವ್ವನನ್ನು ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದ ಅವರು ಕೇಳಿದ್ದು ಒಂದೇ ಮಾತು.

“ವೈನಿ ಏನರ ಉಂಡಾಳೇನು?”

“ಇಲ್ಲ. ನೀರು ಕೊಡಬೇಕಂತ ಅಕ್ಕ…”

“ಕೊಡಬ್ಯಾಡ ಅನ್ನು. ಆಪರೇಶನ್ ಮಾಡೋರಿಗೆ ಹೊಟ್ಟಿ ಖಾಲಿ ಇರಬೇಕು. ಜೀಪು ಗುಡಿ ಮುಂದ ತಂದ ನಿಲ್ಲಸು.”

ಇದಿಷ್ಟು ನನಗೆ ಖಚಿತವಾಗಿ ನೆನಪಿದೆ. ದೇವಿಯನ್ನು ಇನ್ನೂ ಕೇಳಿಯೇ ಇರಲಿಲ್ಲ. ಜೀಪು ಮಾತ್ರ ಗುಡಿಯ ಮುಂದೆ ನಿಂತಿತ್ತು.

ನಮ್ಮಲ್ಲಿ ದೇವಿಯನ್ನು ಕೇಳುವುದೆಂದರೆ ಹೂ ಹಚ್ಚುವುದು. ಕಲ್ಲಿನ ಮೂರ್ತಿಯ ಎರಡೂ ಹೆಗಲಿಗೆ ನೀರಲ್ಲಿ ಅದ್ದಿದ ಹೂವನ್ನು ಹೆಬ್ಬೆರಳಿನಿಂದ ಒತ್ತಿ ಅಂಟಿಸುತ್ತಾರೆ. ಬಲಗಡೆಯದು ಮೊದಲು ಬಿದ್ದರೆ ಹೂಂ, ಎಡಗಡೆಯದು ಬಿದ್ದರೆ ಊಹೂಂ. ಕಾಕಾ ಮಿಂದು ಹಸಿ ಧೋತರದಲ್ಲೇ ಬಂದರು. ಪಂಚರೂ ಬಂದು ನಿಂತರು. ಅವ್ವ ಗುಡಿಯ ಕಟ್ಟೆಯ ಮೇಲೆ ಅಕ್ಕನ ಹೆಗಲಿಗೆ ಒರಗಿದ್ದಳು. “ಈಕಿ ಸೀಮಿ ದಾಟಿ ಮಲಗಬಹುದೇನು?” ಎಂದು ಹಿರಿಯ ಪಂಚರು ಕೇಳಿಸಿದರು. ಎಡಗಡೆಯ ಹೂ ಬಿತ್ತು.

ಇದು ಅಕ್ಕ ಹೇಳುವ ಕಥೆ. ನನ್ನ ನೆನಪಿನಲ್ಲಿ ಈ ಎಡಗಡೆಯ ಹೂವೇ ಇಲ್ಲ. ಹೂ ಹಚ್ಚಿದ್ದು ಒಂದೇ ಸಲ ಎಂದು ನಾನು ಎಷ್ಟೋ ವರ್ಷ ಪ್ರಮಾಣ ಮಾಡಿ ಹೇಳುತ್ತಿದ್ದೆ. ಈಗ ಹೇಳಲಾರೆ. ಹೆದರಿದವನ ಕಣ್ಣು ತನಗೆ ಬೇಡದ್ದನ್ನು ಕಾಣದೆಯೂ ಇರಬಹುದು.

ಆಮೇಲಿನದರಲ್ಲಿ ನಾವಿಬ್ಬರೂ ಒಂದೇ. ಕಾಕಾ ಹೊಸ ಹೂ ತೆಗೆದುಕೊಂಡು ದೇವಿಗೆ ಹೇಳಿದರು: “ಅವ್ವಾ, ನಾವು ಕೇಳಿದ್ದ ತಪ್ಪಾತು. ಈಕಿ ಸೀಮಿ ದಾಟಂಗಿಲ್ಲ. ಸೀಮೀನ ನಾ ಈಕಿ ಜೋಡಿ ಒಯ್ತೇನಿ. ನೀ ಬರ್ತಿ ಇಲ್ಲಾ ಹೇಳು.” ಆಮೇಲೆ ಅದನ್ನೇ ಮರಾಠಿಯಲ್ಲಿ: “ಬರೋಬರ್ ಯೇಣಾರ್ ಕಾ, ಸಾಂಗ್ ಆಯೀ.”

ಹಿರಿಯ ಪಂಚರು ಸುಮ್ಮನಿರಲಿಲ್ಲ. “ಗುರವಾ, ಸೀಮಿ ಅಂದ್ರ ರಬ್ಬರ್ ಏನೋ, ಜಗ್ಗಿದಂಗ ಬರಾಕ?”

“ಭಂಡಾರ ಬಿದ್ದಲ್ಲಿ ಸೀಮಿ ಅಂತ ನಿಮ್ಮಪ್ಪಾರ ಹೇಳಿದ್ರಲ್ರಿ. ಗುಡ್ಡದ ಮ್ಯಾಗಿನ ಹೊಲ ನೀವು ಕೊಂಡಾಗ ಅದನ್ನೂ ಒಳಗ ತಗೊಂಡಿಲ್ಲೇನು? ಅವಾಗ ಜಗ್ಗಿತ್ತಲ್ರಿ.”

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಎಲ್ಲರೂ ಮೂರ್ತಿಯನ್ನೇ ನೋಡುತ್ತ ನಿಂತೆವು. ಬಲಗಡೆಯ ಹೂ ಬಿತ್ತು. ಅವ್ವ ತಾನಾಗಿಯೇ ಎದ್ದು ಜೀಪಿನ ಕಡೆ ಹೆಜ್ಜೆ ಇಟ್ಟಳು.

ಕಾಕಾ ಭಂಡಾರದ ಚೀಲದೊಂದಿಗೆ ನಮ್ಮ ಜೊತೆಗೇ ಬಂದರು. ದವಾಖಾನೆಯ ವಾರ್ಡಿನಲ್ಲಿ ಹಾಸಿಗೆಯ ನಾಲ್ಕು ಕಾಲುಗಳಿಗೆ ಚಿಟಿಕೆ ಚಿಟಿಕೆ ಭಂಡಾರ ಹಾಕತೊಡಗಿದಾಗ ನರ್ಸಮ್ಮ ಓಡಿ ಬಂದರು. “ಏನ್ರೀ ಇದು? ಇದು ವಾರ್ಡ್ ಅದ, ಗುಡಿ ಅಲ್ಲ.” ಕಾಕಾ ಕೈಮುಗಿದು, “ಹೌದ್ರಿ ಸಿಸ್ಟರ್. ಆದ್ರ ಇದನ್ನ ಹಾಕ್ದಿದ್ರ ನಿಮ್ಮ ಪೇಶಂಟ್ ಎದ್ದು ಊರಿಗೆ ಹೋಕ್ಕಾಳು. ಹಿಡಕೊಳ್ಳಾಕ ನೀವು ನಾಕ ಮಂದಿ ಬೇಕಾಗ್ತೀರಿ” ಅಂದರು. ನರ್ಸಮ್ಮ ಅವ್ವನ ಮುಖ ನೋಡಿದರು. ಏನು ಕಂಡರೋ, “ಗಾಳಿಗೆ ಹಾರಬಾರದು ನೋಡ್ರಿ ಮತ್ತ” ಎಂದು ಹೋಗಿಬಿಟ್ಟರು.

ಅವ್ವನಿಗೆ ಇನ್ನೂ ಒಂದು ಅನುಮಾನವಿತ್ತು. ಆಪರೇಶನ್ ಥೇಟರಿನಲ್ಲಿ ಭಂಡಾರ ಇರುವುದಿಲ್ಲವಲ್ಲ, ಅಲ್ಲಿ ಮಲಗಿಸಿದರೆ? ಕಾಕಾ ಯೋಚಿಸಿದರು. “ವೈನಿ, ಅಲ್ಲಿ ಬೇಹೋಶ್ ಮಾಡತಾರು. ಅದು ನಿದ್ದಿ ಅಲ್ಲ. ನಮ್ಮ ಪದ್ಧತಿ ಇರೂದು ನಿದ್ದಿಗೆ.” ಅಷ್ಟು ನೋವಿನಲ್ಲೂ ಅವ್ವ ನಕ್ಕಳು. ಕಾಕಾ ಅದೇ ಜೀಪಿನಲ್ಲಿ ಮರಳಿ ಹೋದರು. ಅವರೂ ಊರಲ್ಲೇ ಮಲಗಬೇಕಿತ್ತಲ್ಲ. ಅಕ್ಕನೂ ನಾನೂ ಅವ್ವನ ಹಾಸಿಗೆಗೆ ತಲೆಯಾನಿಸಿ ಆ ಸೀಮೆಯೊಳಗೇ ಉಳಿದೆವು. ಆಪರೇಶನ್ ಸರಳವಾಗಿ ಮುಗಿಯಿತು. ಒಂದು ದಿನ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು.

ಮರುದಿನ ಬೆಳಿಗ್ಗೆ ನೆಲ ಒರೆಸುವ ಹೆಂಗಸು ಬಂದು ಭಂಡಾರವನ್ನೂ ಒರೆಸಿಕೊಂಡು ಹೋದಳು. ಅವ್ವ ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡು, ಕಣ್ಣು ಮುಚ್ಚದೆ ಸಂಜೆಯವರೆಗೆ ಒರಗಿಕೊಂಡೇ ಇದ್ದಳು. ಶಿಫ್ಟ್ ಮುಗಿಸಿದ ಕಾಕಾ ಉದ್ಯಮಬಾಗದಿಂದ ಎರಡು ಬಸ್ಸು ಬದಲಿಸಿ ನೆಹರು ನಗರಕ್ಕೆ ಬಂದು ಮತ್ತೆ ಹಾಕಿದ ಮೇಲೆಯೇ ಮಲಗಿದಳು. ಅವಳು ಅಲ್ಲಿದ್ದ ಐದೂ ದಿನ ಅವರು ಹಾಗೆಯೇ ಬಂದರು. ಮೂರನೆಯ ದಿನ ಆ ಒರೆಸುವ ಹೆಂಗಸು, “ಕಾಕಾರ, ನಮ್ಮೂರಾಗೂ ದೇವಿ ಅದಾಳ್ರಿ. ಮೊದಲ ಹೇಳೂದಿಲ್ಲೇನು? ನಾಕೂ ಕಾಲ ಬಿಟ್ಟ ಒರಸ್ತೇನಿ, ಇಷ್ಟ ದೂರ ಬರಬ್ಯಾಡ್ರಿ” ಎಂದಳು. ಆದರೂ ಕಾಕಾ ಬರುವುದನ್ನು ನಿಲ್ಲಿಸಲಿಲ್ಲ.

ಕೊನೆಯ ದಿನ ದವಾಖಾನೆಯ ಹೊರಗೆ ಬೆಂಚಿನ ಮೇಲೆ ಕುಳಿತು ಕಾಕಾ ಮತ್ತು ನಾನು ಭಡಂಗ, ಅಂದರೆ ಖಾರದ ಚುರುಮುರಿ, ತಿನ್ನುತ್ತಿದ್ದೆವು. ತಡೆಯಲಾರದೆ ಕೇಳಿದೆ.

“ಕಾಕಾ, ಎಡಗಡೀ ಹೂವು ಜೋರಾಗಿ ಒತ್ತಿದ್ರಿ. ನಾ ನೋಡೇನಿ.”

“ನೋಡಿದ್ಯಾ?”

“ಹೂಂ. ಉಸುಕು ಎಷ್ಟು ಹಸಿ ಇದ್ರ ನಿಲ್ಲತೈತಿ ಅನ್ನೂದು ನಿಮಗಿಂತ ಚಲೋ ಯಾರಿಗೆ ಗೊತ್ತು?”

ಅವರಿಗೆ ಸಿಟ್ಟು ಬರಲಿಲ್ಲ. ಭಡಂಗದೊಳಗಿನ ಶೇಂಗಾ ಆರಿಸಿ ನನ್ನ ಕೈಗೆ ಹಾಕಿದರು. “ತಮ್ಮಾ, ಮೂವತ್ತ ವರ್ಷ ಆತು ಉಸುಕು ಹಿಡ್ಯಾಕತ್ತು. ಅಚ್ಚು ಕಟ್ಟೂತನಾ ನನ್ನ ಕೈ. ಕಬ್ಬಿಣ ಹೊಯ್ದ ಮ್ಯಾಲ ಒಳಗ ಏನ ನಡೀತೈತಿ, ಅಚ್ಚಿನ ಪೆಟ್ಟಿಗಿ ಒಡ್ಯೂತನಾ ನನಗ ಗೊತ್ತಿರಂಗಿಲ್ಲ. ಕೆಲವು ದಿನ ಎಲ್ಲಾ ಬರೋಬರಿ ಮಾಡಿದ್ರೂ ಸೀಳಿ ಬರತೈತಿ.” ಇನ್ನಷ್ಟು ಶೇಂಗಾ ಆರಿಸುತ್ತ ಹೇಳಿದರು: “ನೀ ಅವತ್ತ ಪಂಚರ ಮುಂದ ಮಾತಾಡಿದ್ದೆಲ್ಲಾ ಖರೇನ ಐತಿ. ಆದ್ರ ನಿಮ್ಮವ್ವಗ ಬೇಕಾದ ಮಾತು ಅದರಾಗ ಒಂದೂ ಇರಲಿಲ್ಲ.”

ನನ್ನ ಪ್ರಶ್ನೆಗೆ ಇದು ಉತ್ತರವೇ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಒತ್ತಿದ್ದನ್ನು ನಾನು ಕಂಡೆನೋ, ಒತ್ತಿರಬೇಕು ಎಂದು ಆಮೇಲೆ ಸೇರಿಸಿಕೊಂಡೆನೋ, ಅದೂ ಈಗ ತಿಳಿಯದು. ಅವರ ಕಡೆಯ ಮಾತು ಮಾತ್ರ ನಾನು ಪಾಠ ಮಾಡಿದ ಮೂರು ಕಾಲೇಜುಗಳಿಗೂ ನನ್ನ ಜೊತೆ ಬಂತು. ಹುಡುಗರು ಪಾಠ ತಿಳಿಯದೆ ಕುಳಿತಾಗ, ದನಿ ಏರಿಸುವ ಮೊದಲು ಒಮ್ಮೆ ನಿಲ್ಲುವುದನ್ನು ನಾನು ಯಾವ ವಿಶ್ವವಿದ್ಯಾಲಯದಲ್ಲೂ ಕಲಿತವನಲ್ಲ.

ಮೂರು ವರ್ಷದ ಹಿಂದೆ, ಮಳೆಗಾಲ ಮುಗಿಯುವಾಗ ಗುರವ ಕಾಕಾ ತೀರಿಕೊಂಡರು. ಎರಡು ದಿನ ಜ್ವರ ಬಂದಿತ್ತಂತೆ. ನಾನು ದೂರದ ಊರಲ್ಲಿ ಹೊಸ ಕೆಲಸಕ್ಕೆ ಸೇರಿದ ವಾರ, ಮಣ್ಣಿಗೂ ಹೋಗಲಾಗಲಿಲ್ಲ. ಈಗ ಪೂಜೆ ಅವರ ಅಣ್ಣನ ಮಗನದು.

ಈ ವರ್ಷ ಸೀಮೆ ಕಟ್ಟುವ ದಿನ ಊರಲ್ಲಿದ್ದೆ. ಅಣ್ಣನ ಮಗ ನಾಲ್ಕನೆಯ ದಿಕ್ಕಿಗೆ ಭಂಡಾರ ಹಾಕಿದವನು ಹಿಂದೆ ನಾನು ಕೇಳಿರದ ಒಂದು ಸಾಲು ಹೇಳಿದ: “ದವಾಖಾನ್ಯಾಗ ಮಲಗಿದವರ ಹಾಸಿಗೀನೂ ಈ ಸೀಮಿ ಒಳಗ.” ಅದನ್ನೇ ಮರಾಠಿಯಲ್ಲಿ ಮತ್ತೊಮ್ಮೆ ಹೇಳಿದ. ಗುಡಿಯ ಬಾಗಿಲ ಬಳಿ ಭಂಡಾರದ ಸಣ್ಣ ಸಣ್ಣ ಪೊಟ್ಟಣ ಕಟ್ಟಿ ಬುಟ್ಟಿಯಲ್ಲಿ ಇಟ್ಟಿದ್ದರು. ಕುರುಬರ ಓಣಿಯ ತುಂಬು ಗರ್ಭಿಣಿಯೊಬ್ಬಳು ಬೆಳಗಾವಿಗೆ ಹೊರಟಿದ್ದಳು. ಅತ್ತೆ ಬುಟ್ಟಿಯಿಂದ ಒಂದು ಪೊಟ್ಟಣ ಎತ್ತಿ ಅವಳ ಕೈಗಿಟ್ಟು, “ಗಂಡಾಗಲಿ ಹೆಣ್ಣಾಗಲಿ, ಫೋನ್ ಹಚ್ಚು” ಎಂದಳು. ಯಾರೂ ಹೂ ಹಚ್ಚಿ ಕೇಳಲಿಲ್ಲ. ಯಾರೂ ತಿರುಗಿಯೂ ನೋಡಲಿಲ್ಲ.

ಕಟ್ಟೆಯ ಮೇಲೆ ಕುಳಿತಿದ್ದ ಹಿರಿಯ ಪಂಚರನ್ನು, ಈಗ ಎಂಬತ್ತು ದಾಟಿದವರನ್ನು ಕೇಳಿದೆ. “ಅಜ್ಜಾರ, ಈ ಪದ್ಧತಿ ಯಾವಾಗಿಂದ ಐತ್ರಿ?”

“ಯಾವಾಗಿಂದ ಅಂದ್ರ? ನಮ್ಮಜ್ಜನ ಕಾಲದಿಂದ ಐತಿ. ಇಷ್ಟ ಓದಿ ಇದೂ ಗೊತ್ತಿಲ್ಲೇನೋ ನಿನಗ? ಹೋಗಿ ನಿಮ್ಮವ್ವನ್ನ ಕೇಳು.”

ಮನೆಗೆ ಹೋಗಿ ಕೇಳಿದೆ. ಅವ್ವ ಒಲೆಯ ಮುಂದೆ ಹೋಳಿಗೆ ಬೇಯಿಸುತ್ತಿದ್ದಳು. ತಲೆ ಎತ್ತದೆ, “ಮೊದಲಿಂದನೂ ಐತಿ. ಪದ್ಧತಿ ಇಲ್ಲದ ನಾ ಹೋಗಾಕಿ ಏನು?” ಎಂದಳು.

ತಿದ್ದಬೇಕೆಂದು ಬಾಯಿ ತೆರೆದೆ. ಅವಳು ಹೋಳಿಗೆ ಮಗುಚಿ ಹಾಕಿ, ತುಪ್ಪ ಕೊಡು ಎಂದು ಕೈ ಚಾಚಿದಳು. ತುಪ್ಪದ ಬಟ್ಟಲು ಅವಳ ಕೈಗಿಟ್ಟೆ. ಹದಿಮೂರು ವರ್ಷದ ಹಿಂದಿನದನ್ನು ತಪ್ಪಾಗಿ ನೆನಪಿಟ್ಟುಕೊಂಡು, ಒಲೆಯ ಮುಂದೆ ಹೀಗೆ ಕುಳಿತು ನನ್ನನ್ನು ಗದರಲು ಅವ್ವ ಇದ್ದಾಳೆ.