ಮೂವರಿಗೆ ಮೂರು ಬಗೆಯಾಗಿ ಬರೆದ ಹಾಡು

ಹೊಳಲ್ಕೆರೆಯ ಶಾಲೆಯಲ್ಲಿ ನಾನು ಮೇಷ್ಟ್ರಾಗಿದ್ದಾಗ, ಹಾಡು ಕಟ್ಟುವ ಹುಚ್ಚಿದ್ದ ನಾಲ್ವರು ತಿಂಗಳಿಗೊಂದು ಭಾನುವಾರ ಚಿತ್ರದುರ್ಗದಲ್ಲಿ ಸೇರುತ್ತಿದ್ದೆವು. ಜವಳಿ ವ್ಯಾಪಾರದ ಸಾಹುಕಾರರೊಬ್ಬರ ಮನೆಯ ಅಟ್ಟ ನಮ್ಮ ಜಾಗ. ಸಾಹುಕಾರರು ಪಿಟೀಲು ಬಾರಿಸುತ್ತಿದ್ದರು. ಮಾಡದಕೆರೆಯಿಂದ ಬರುತ್ತಿದ್ದ ಗೌಡರು ಬೇಸಾಯದವರು. ಸ್ವರ ಓದುವಷ್ಟು ಅಕ್ಷರ ಕಲಿತಿದ್ದರು, ಕಂಠ ಮಾತ್ರ ಕಂಚಿನಂಥದು. ನಾಲ್ಕನೆಯವರು ಹಿರಿಯೂರಿನ ಅಂಚೆ ಗುಮಾಸ್ತರು. ಮಾತು ಕಡಿಮೆ, ಕಿವಿ ಬಹಳ ಚುರುಕು. ವಿದ್ವಾಂಸ ಎನ್ನಿಸಿಕೊಳ್ಳುವವರು ನಮ್ಮಲ್ಲಿ ಯಾರೂ ಇರಲಿಲ್ಲ.

ನಮ್ಮದೊಂದು ಕಟ್ಟುಪಾಡಿತ್ತು. ಒಬ್ಬರು ಹೊಸ ಹಾಡು ಹಾಡಿದ ಮೇಲೆ ಉಳಿದ ಮೂವರೂ ಒಂದೊಂದು ಕೊರತೆ ಹೇಳಲೇಬೇಕು. ಬರಿದೆ ಚೆನ್ನಾಗಿದೆ ಎಂದು ತಪ್ಪಿಸಿಕೊಳ್ಳುವಂತಿರಲಿಲ್ಲ. ಒಮ್ಮೆ ನಾನು ಹದಿನೈದು ದಿನ ತಿದ್ದಿ ತೀಡಿ ಕಟ್ಟಿದ ಹಾಡನ್ನು ಕೇಳಿ ಗೌಡರು, "ಮೇಷ್ಟ್ರೇ, ಎಲ್ಲಾ ಚಂದ ಐತೆ. ಆದ್ರೆ ಹಾಡೋನು ಉಸ್ರು ತಗಳಾಕೆ ಎಲ್ಲಿ ಜಾಗ ಇಟ್ಟೀರಿ?" ಎಂದರು. ನನಗೆ ಸಿಟ್ಟು ಬಂತು. ಮನೆಗೆ ಬಂದು ಹಾಡಿ ನೋಡಿದರೆ ಅವರ ಮಾತೇ ಸರಿ.

ಒಂದು ಭಾನುವಾರ ಸಾಹುಕಾರರ ಮನೆಗೆ ಹೋಗುತ್ತಿದ್ದಾಗ ಪೇಟೆಯಲ್ಲಿ ನಾಟಕ ಕಂಪನಿಯ ಗಾಡಿ ಎದುರಾಯಿತು. ಮುಂದೆ ತಮಟೆ, ಹಿಂದೆ ಕರಪತ್ರ ಹಂಚುವವನು, ಗಾಡಿಯೊಳಗೆ ಹಾರ್ಮೋನಿಯಂ. ಅದು ನುಡಿಯುತ್ತಿದ್ದುದನ್ನು ಕೇಳುತ್ತ ನಿಂತೆ. ಅದು ನನ್ನ ಮಟ್ಟು. ಹಿಂದಿನ ತಿಂಗಳು ನಾನು ಅಟ್ಟದಲ್ಲಿ ಹಾಡಿದ್ದ ಕಾಪಿ ರಾಗದ ಮಟ್ಟು, ಒಂದು ಸ್ವರವೂ ಬಿಡದಂತೆ.

ಅಟ್ಟಕ್ಕೆ ಹೋಗಿ ಕುಳಿತೆ. ಗಾಡಿಯ ವಿಷಯ ಎತ್ತಲಿಲ್ಲ. ಮೂವರ ಮುಖವನ್ನೂ ನೋಡುತ್ತಿದ್ದೆ. ಕಂಪನಿಯ ಪರದೆಗೆ ಬಟ್ಟೆ ಕೊಟ್ಟವರು ಸಾಹುಕಾರರೇ ಎಂದು ಗೊತ್ತಿತ್ತು. ಗೌಡರು ಹಾದಿಯುದ್ದಕ್ಕೂ ಹಾಡಿಕೊಂಡೇ ಗಾಡಿ ಹೊಡೆಯುವವರು. ಗುಮಾಸ್ತರಂತೂ ಒಮ್ಮೆ ಕೇಳಿದ್ದನ್ನು ಮರೆತವರಲ್ಲ. ಕಂಪನಿ ಹಿರಿಯೂರಿನಲ್ಲಿ ಆಡಿದಾಗ ಅದರ ಕಾಗದಗಳೆಲ್ಲ ಅವರ ಕೈಯಿಂದಲೇ ಹೋಗಿದ್ದವು. ಅಂದು ಅವರು ನನ್ನನ್ನು "ಯಾಕೆ ಮೇಷ್ಟ್ರೇ, ಸುಮ್ನೆ ಕುಂತೀರಿ?" ಎಂದು ಕೇಳಿದರು. ಆ ಕೇಳುವಿಕೆಯಲ್ಲೂ ನನಗೆ ಕಳ್ಳತನವೇ ಕಂಡಿತು.

ಮನೆಗೆ ಬಂದು ಒಂದು ಉಪಾಯ ಹೂಡಿದೆ. ಮೋಹನ ರಾಗದಲ್ಲಿ ಹೊಸ ಹಾಡು ಕಟ್ಟಿ, ಸ್ವರ ಹಾಕಿ, ಮೂವರಿಗೂ ಅಂಚೆಯಲ್ಲಿ ಕಳಿಸಿದೆ. ಆದರೆ ಎರಡನೆಯ ಸಾಲಿನ ಕೊನೆಯನ್ನು ಒಬ್ಬೊಬ್ಬರಿಗೆ ಒಂದೊಂದು ಬಗೆಯಾಗಿ ಬರೆದಿದ್ದೆ. ಕಂಪನಿಯವರು ಯಾವ ಬಗೆ ನುಡಿಸುತ್ತಾರೋ ಅದನ್ನು ಪಡೆದವನೇ ಕಳ್ಳ. ಯಾರಿಗೂ ತೋರಿಸಬೇಡಿ, ಅಭಿಪ್ರಾಯ ನನಗೇ ಬರೆಯಿರಿ ಎಂದೂ ಸೇರಿಸಿದ್ದೆ. ನಾಲ್ವರೂ ಕೂತರೆ ಗುಟ್ಟು ರಟ್ಟಾದೀತೆಂದು, ಮುಂದಿನ ತಿಂಗಳ ಭಾನುವಾರಕ್ಕೆ ಜ್ವರ, ಬರಲಾರೆ ಎಂದು ಹೇಳಿ ಕಳಿಸಿದೆ.

ಆ ಭಾನುವಾರದ ಮರುದಿನ ಬೆಳಿಗ್ಗೆ ಶಾಲೆಗೆ ಹೊರಡಲು ರುಮಾಲು ಸುತ್ತಿಕೊಳ್ಳುತ್ತಿದ್ದೆ. ಬಾಗಿಲಲ್ಲಿ ಗೌಡರ ಗಾಡಿ ನಿಂತಿತು. ಮೂವರೂ ಇಳಿದರು. ಸಾಹುಕಾರರ ಕೈಯಲ್ಲಿ ದಾಳಿಂಬೆಯ ಗಂಟು. ಗುಮಾಸ್ತರು ರಜೆ ಹಾಕಿ ಬಂದಿದ್ದರು.

"ಬರ್ರಿ, ಕುಂತ್ಕಳ್ರಿ" ಎಂದೆ.

ಗೌಡರೇ ಮಾತು ತೆಗೆದರು. "ನೀವು ಬರಲಿಲ್ಲ ಅಂತ ಬೇಜಾರಾತು. ಯಾರ್ಗೂ ತೋರಿಸ್ಬ್ಯಾಡಿ ಅಂದಿದ್ರಿ, ಆದ್ರೆ ಮೂವರಿಗೂ ಬಂದೈತಲ್ಲ, ನಿಮ್ ಹಾಡ್ನೇ ಒಟ್ಟಿಗೆ ಹಾಡಾಣ ಅಂತ ಕುಂತ್ವಿ. ಎರಡ್ನೇ ಸಾಲಿಗೆ ಬಂದ್ರೆ ಒಬ್ರು ಮ್ಯಾಲೆ, ಒಬ್ರು ಕೆಳಗೆ! ಕಾಗ್ದ ಪಕ್ಕಪಕ್ಕ ಇಟ್ಟು ನೋಡಿದ್ವಿ, ಮೂರೂ ಬೇರೆ. ಪಾಪ, ಜ್ವರದಾಗೆ ಕೈ ತಪ್ಪೈತೆ, ಜೋರೇ ಇರಬೇಕು, ನೋಡ್ಕಂಡು ಬರಾಣ ಅಂತ ಬಂದ್ವಿ."

ಗುಮಾಸ್ತರು ನನ್ನ ರುಮಾಲನ್ನೂ ಮುಖವನ್ನೂ ನೋಡಿದರು. "ಜ್ವರ ಯಾವಾಗ ಬಿಡ್ತು?" ಎಂದರು.

ಸುಳ್ಳು ಹೇಳಲು ಆಗಲಿಲ್ಲ. ಪೇಟೆಯ ಗಾಡಿಯಿಂದ ಹಿಡಿದು ಎಲ್ಲವನ್ನೂ ಹೇಳಿಬಿಟ್ಟೆ. ಸಾಹುಕಾರರು ದಾಳಿಂಬೆಯ ಗಂಟನ್ನು ಮೆಲ್ಲಗೆ ಕೆಳಗಿಟ್ಟರು.

"ನನ್ಮೇಲೂ ಅನುಮಾನ ಬಂತಾ?" ಎಂದು ಗುಮಾಸ್ತರು ಕೇಳಿದರು.

"ಮೊದಲು ಬಂದದ್ದೇ ನಿಮ್ಮ ಮೇಲೆ" ಎಂದೆ.

ಅಷ್ಟರಲ್ಲಿ ನಡುಮನೆಯ ಬಾಗಿಲ ಮರೆಯಿಂದ ನನ್ನ ಹೆಂಡತಿ ಮಾತಾಡಿದಳು. ಈ ಅನುಮಾನದ ವಿಷಯ ಅವಳಿಗೆ ನಾನು ಹೇಳಿರಲೇ ಇಲ್ಲ. "ಅಣ್ಣಾರೇ, ಇವ್ರು ಹಿತ್ತಲಾಗೆ ನೀರು ಹುಯ್ಕಂಬಾಗ ದಿನಾ ಅದನ್ನೇ ಹಾಡ್ತಿದ್ರು. ಆವಾಗ ಎದುರು ಛತ್ರದಾಗೆ ಹಾರ್ಮೋನಿಯಂ ಪೆಟ್ಟಿಗೆ ಇಟ್ಕಂಡು ಒಬ್ಬ ಎಂಟು ದಿನ ಇದ್ದ. ಬೆಳಿಗ್ಗೆ ಬಂದು ನಮ್ಮ ಜಗಲಿ ಮ್ಯಾಲೆ ಕುಂತು ಕೇಳೋನು. 'ಯಾರಮ್ಮ ಹಾಡೋರು?' ಅಂದ. ನಮ್ಮೋರೇ ಅಂತ ನಾನೇ ಅಂದೆ."

ಗೌಡರು ನಕ್ಕುಬಿಟ್ಟರು. "ಕಳ್ಳನ್ನ ಕರ್ದು ಕೂರಿಸ್ಕಂಡು ಹಾಡೀರಲ್ಲ ಮೇಷ್ಟ್ರೇ!" ಸಾಹುಕಾರರೂ ನಗಲು ಪ್ರಯತ್ನಿಸಿದರು. ಗುಮಾಸ್ತರು ಮಾತ್ರ ತಮ್ಮ ಪಾಲಿನ ಕಾಗದವನ್ನು ನಾಲ್ಕಾಗಿ ಮಡಿಸಿ ನನ್ನ ಕೈಗೆ ಕೊಟ್ಟರು. "ನಾನು ಗಾಡೀಲಿ ಕುಂತಿರ್ತೀನಿ" ಎಂದು ಹೊರಗೆ ಹೋದರು. ಒಳಗಿಂದ ಕಾಫಿ ಬಂತು. ಅವರು ಇಳಿದು ಬರಲಿಲ್ಲ.

ಮುಂದಿನ ತಿಂಗಳು ಅಟ್ಟದಲ್ಲಿ ಮೂವರೇ ಇದ್ದೆವು. ಎರಡು ಕಾಗದ ಬರೆದೆ, ಉತ್ತರ ಬರಲಿಲ್ಲ. ದಸರೆಯ ರಜೆಯಲ್ಲಿ ನಾನೇ ಹಿರಿಯೂರಿಗೆ ಹೋದೆ. ಅಂಚೆ ಕಚೇರಿಯ ಕಿಟಕಿಯ ಹಿಂದೆ ಅವರು ಮುದ್ರೆ ಒತ್ತುತ್ತ ಕುಳಿತಿದ್ದರು. ತಲೆ ಎತ್ತಿ ನೋಡಿದರು. ಮುಖದಲ್ಲಿ ಕೋಪವೇನೂ ಇರಲಿಲ್ಲ.

"ಏನು ಬೇಕಿತ್ತು ಸ್ವಾಮಿ?" ಎಂದರು.

ತಪ್ಪಾಯಿತು ಎನ್ನುವ ಮಾತನ್ನು ಹಾದಿಯುದ್ದಕ್ಕೂ ಹೊಂದಿಸಿಕೊಂಡು ಬಂದಿದ್ದೆ. ನನ್ನ ಹಿಂದೆ ಇನ್ನಿಬ್ಬರು ಕಾಯುತ್ತಿದ್ದರು. ಎರಡು ಕಾರ್ಡು ಕೊಂಡುಕೊಂಡು ಬಂದುಬಿಟ್ಟೆ. ಆಮೇಲೆ ಅವರಿಗೆ ಬೇರೆ ಊರಿಗೆ ವರ್ಗವಾಯಿತೆಂದು ಕೇಳಿದೆ.

ನಾವು ಮೂವರು ಇನ್ನೆರಡು ವರ್ಷ ಸೇರಿದೆವು. ಕೊರತೆ ಹೇಳುವ ಕಟ್ಟುಪಾಡು ಹಾಗೇ ಇತ್ತು. ಆದರೆ ಗುಮಾಸ್ತರಷ್ಟು ಸೂಕ್ಷ್ಮವಾಗಿ ತಪ್ಪು ಹಿಡಿಯುವವರು ಯಾರೂ ಇರಲಿಲ್ಲ, ನನ್ನ ಹಾಡುಗಳು ಮೊದಲಿನಷ್ಟು ಸುಧಾರಿಸಲೂ ಇಲ್ಲ. ನಾನು ಇಬ್ಬರಿಗೂ ಹೊಸ ಹಾಡಿನ ಕಾಗದ ಕೊಟ್ಟಾಗಲೆಲ್ಲ ಗೌಡರು ತಮಾಷೆಗೆ, "ಸಾವ್ಕಾರ್ರೇ, ನಿಮ್ದೊಮ್ಮೆ ತೋರಿಸ್ರಿ" ಎನ್ನುತ್ತಿದ್ದರು. ಮೂವರೂ ನಗುತ್ತಿದ್ದೆವು. ನಗುತ್ತಲೇ ಅವರಿಬ್ಬರೂ ಕಾಗದಗಳನ್ನು ಪಕ್ಕಪಕ್ಕ ಇಟ್ಟು, ಸಾಲು ಸಾಲಾಗಿ ಹೋಲಿಸಿ ನೋಡಿ, ಆಮೇಲೆ ಹಾಡಲು ಶುರುಮಾಡುತ್ತಿದ್ದರು.