ಹಾಡಿನ ಫೋನು ಗಂಡನ ಹೆಸರು ಕೇಳಿದ್ದು

ಅಲ್ಲ ಬಿಂದು, ಹಳೇ ಫೋನು ಎಸೆದರಾಯಿತು ಅನ್ನುತ್ತೀಯಲ್ಲ, ನಿಮ್ಮ ಚಿಕ್ಕಜ್ಜಿ ಓಬಳಮ್ಮನ ಮುಂದೆ ಹಾಗನ್ನಬೇಡ ತಾಯಿ. ಆ ಹಾಡಿನ ಫೋನು ಅವಳ ಗಂಡ ಕದಿರಯ್ಯನದು. ಕಳ್ಳಂಬೆಳ್ಳದ ಭಜನೆ ಮನೆಯಲ್ಲಿ ಹಾಡುತ್ತಿದ್ದ ಪದಗಳನ್ನೆಲ್ಲ ತನ್ನದೇ ದನಿಯಲ್ಲಿ ಅದರೊಳಗೆ ತುಂಬಿಟ್ಟಿದ್ದ. ಎಂಥ ಕಂಠ ಅಂತೀ! ನನ್ನ ತಂಗಿಯನ್ನು ನೋಡಲು ಬಂದ ದಿನ ಅವನು ಹಾಡುತ್ತ ಕೂತು, ನಮ್ಮಮ್ಮ ಒಲೆ ಮೇಲಿಟ್ಟ ಒಬ್ಬಟ್ಟು ಸೀದು ಕರಿಯಾಗಿ... ಇರಲಿ ಬಿಡು.

ಹೋದ ವರ್ಷ ಅವನಿಗೆ ಲಕ್ವ ಹೊಡೆಯಿತು. ಮಾತು ನಿಂತೇ ಹೋಯಿತು. ಓಬಳಮ್ಮ ಅವನದೇ ಪದ ಹಾಕಿದರೆ ಮಾತ್ರ ತುಟಿ ಆಡಿಸುತ್ತಿದ್ದ. ಆ ಸಂದಿನಲ್ಲಿ ಅವಳು ಅಂಬಲಿ ಕುಡಿಸುತ್ತಿದ್ದಳು. ಪದವಿಲ್ಲದಿದ್ದರೆ ಹಲ್ಲು ಕಚ್ಚಿ ಗೋಡೆ ಕಡೆ ತಿರುಗುತ್ತಿದ್ದ.

ಆ ಫೋನಿನ ಯೋಗ್ಯತೆಯೋ, ಕೇಳಬೇಡ. ಹಾಡಿಗೊಮ್ಮೆ ಗೊರಗೊರ ಅನ್ನುತ್ತದೆ. ಮೈಕು ಸಡಿಲ, ಬುಡವನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದರೆ ಮಾತ್ರ ನಮ್ಮ ದನಿ ಆಚೆಗೆ ಹೋಗುತ್ತದೆ. ಮಾರಿದ ಕಂಪನಿಯ ಸಿಮ್ಮೇ ಬೇಕು ಅದಕ್ಕೆ, ಅದು ನಡೆಯದಿದ್ದರೆ ಫೋನು ಏನನ್ನೂ ತೆರೆಯದು. ತಿಂಗಳುಗಟ್ಟಲೆ ರೀಚಾರ್ಜ್ ತಪ್ಪಿ ನಿನ್ನೆ ಸಿಮ್ಮೇ ಬಂದ್ ಆಯಿತು, ಇನ್ನು ರೀಚಾರ್ಜೂ ಹಿಡಿಯದು, ಒಳಗಿದ್ದ ಪದಗಳೂ ಬಂದ್. ಪಕ್ಕದ ಮನೆ ವೇದಾವತಿ ತನ್ನ ಸಿಮ್ಮು ಹಾಕಿ ನೋಡಿದಳು. ಒಲ್ಲೆ ಎಂದಿತು.

“ನಮ್ಮನೆ ಪದಕ್ಕೆ ಅವರದ್ಯಾತರ ಅಪ್ಪಣೆ ಕಣಮ್ಮಿ?” ಎಂದಳು ಓಬಳಮ್ಮ.

“ಕಂಪ್ನಿಗೇ ಕೇಳು ದೊಡ್ಡಮ್ಮ. ಈ ಫೋನಿಂದ್ಲೇ ಮಾಡ್ಬೇಕಂತೆ, ಸಿಮ್ಮು ಬಂದ್ ಆದ್ರೂ ಕಂಪ್ನಿ ನಂಬ್ರ ಒಂದಕ್ಕೆ ಬುಡ್ತದೆ,” ಎಂದು ನಂಬರು ಒತ್ತಿಕೊಟ್ಟು ವೇದಾವತಿ ಬಸ್ಸಿಗೆ ಓಡಿದಳು.

ಆ ಕಡೆ ಒಬ್ಬ ಹುಡುಗಿ. “ಸಿಮ್ ಯಾರ ಹೆಸರಲ್ಲಿದೆ ಅಮ್ಮ?”

“ನಮ್ಮೆಜಮಾನ್ರದು ಕಣವ್ವ.”

“ಅವರ ಹೆಸರು ಹೇಳಿ.”

ಮದುವೆಯಾದಾಗಿನಿಂದ ಓಬಳಮ್ಮ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿದವಳಲ್ಲ. ರೇಷನ್ ಅಂಗಡಿಯಲ್ಲೂ ಸುಮ್ಮನೆ ಕಾರ್ಡು ಮುಂದೆ ಚಾಚುವವಳು.

“ನಮ್ಮ ಸುರೇಶನ ಅಪ್ಪ.”

“ಹೆಸರು ಬೇಕಮ್ಮ.”

“ಅಯ್ಯೋ, ನರಸಿಂಹದೇವ್ರು ಇರೋ ಊರಿಲ್ವೇನವ್ವ, ಪಾವಗಡದಿಂದಾಚೆ? ಅದಕ್ಕೊಂದು ಅಯ್ಯ ಸೇರಿಸ್ಕೋ.”

“ನರಸಿಂಹಯ್ಯನಾ?”

“ದೇವ್ರಲ್ಲ ಕಣವ್ವ, ಊರು, ಊರು!”

ನಮ್ಮ ಕಡೆ ಕದಿರಿ ಯಾರಿಗೆ ಗೊತ್ತಿಲ್ಲ ಹೇಳು? ಆ ಹುಡುಗಿಗೆ ಗೊತ್ತಿಲ್ಲ. “ಇನ್ನೊಂದು ಸಲ ತಪ್ಪಾದ್ರೆ ಏನೂ ಮಾಡಕ್ಕಾಗಲ್ಲ ಅಮ್ಮ,” ಎಂದಳು.

ಮಂಚದ ಮೇಲಿಂದ ಕದಿರಯ್ಯ ಇವಳನ್ನೇ ನೋಡುತ್ತಿದ್ದ. ಬೆಳಗಿನ ಅಂಬಲಿ ಚೊಂಬಿನಲ್ಲಿ ಹಾಗೇ ಇತ್ತು. ಓಬಳಮ್ಮನ ಮುಖ ಕೆಂಪಾಯಿತು. ಸೆರಗನ್ನೆಳೆದು ಮುಖಕ್ಕೆ ಮರೆ ಮಾಡಿಕೊಂಡು, ಕಣ್ಣು ಮುಚ್ಚಿ, “ಕದಿರಯ್ಯ!” ಎಂದು ಕೂಗಿಯೇ ಬಿಟ್ಟಳು.

ಸೆರಗು ಹಿಡಿಯುವಾಗ ಫೋನಿನ ಬುಡದಿಂದ ಹೆಬ್ಬೆರಳು ಎತ್ತಿದ್ದಳಲ್ಲ!

“ಹಲೋ? ಹಲೋ? ನಿಮ್ಮ ಧ್ವನಿ ಬರ್ತಿಲ್ಲ.” ಅಷ್ಟೇ, ಲೈನು ಹೋಯಿತು.

ಕೇಳಿಸಿದ್ದು ಮಂಚಕ್ಕೆ ಮಾತ್ರ. ಅವನ ಬಾಯಿ ಒಂದು ಕಡೆಗೆ ತೆರೆದುಕೊಂಡಿತು, ನಗುವೋ ಅಳುವೋ. ಅವಳು ಚೊಂಬು ಹಿಡಿದು ಓಡುವಷ್ಟರಲ್ಲಿ ಮುಚ್ಚಿಕೊಂಡಿತ್ತು. ಮೆಲ್ಲಗೆ ಇನ್ನೊಮ್ಮೆ ಹೆಸರು ಹಿಡಿದು ಕರೆದಳಂತೆ. ತೆರೆಯಲಿಲ್ಲ.

“ಹೆಸ್ರೂ ಬಾಯಿಂದ ಹೋಯ್ತು, ಪದಾನೂ ಬರ್ಲಿಲ್ಲ ಕಣಕ್ಕ,” ಎಂದು ನನ್ನ ಮುಂದೆ ಅತ್ತಳು. ನಾನೇನು ಮಾಡಲಿ? ನನಗೆ ಫೋನು ಎತ್ತುವುದು ಗೊತ್ತು, ಇಡುವುದು ಗೊತ್ತಿಲ್ಲ.

ಸಿರಾದಲ್ಲಿ ಆ ಕಂಪನಿಯ ಅಂಗಡಿ ಇದೆಯಂತೆ, ಸಿಮ್ಮನ್ನು ಅಲ್ಲೇ ಮತ್ತೆ ಶುರು ಮಾಡಿಕೊಡುತ್ತಾರಂತೆ. ಸಿಮ್ಮು ಯಾರ ಹೆಸರಲ್ಲಿದೆಯೋ ಅವನೇ ಬರಬೇಕು ಅಂದರೆ, ಎದ್ದು ಕೂರಲಾರದವನನ್ನು ಹೊತ್ತು ತರುತ್ತೀರಾ ಎಂದು ಕೇಳು. ತಗೋ, ಫೋನೂ ಇದೆ, ಅವನ ಆಧಾರ್ ಕಾರ್ಡೂ ಇದೆ. ನಾಳೆ ಮೊದಲನೇ ಬಸ್ಸಿಗೇ ಹೋಗು ಮಗಳೇ, ಅವನು ನಿನ್ನೆಯಿಂದ ಏನೂ ಕುಡಿದಿಲ್ಲ.