ನಿಂತುಹೋದ ಕೈಗಳು

ವಿನೋಬನಗರದ ಬಾಡಿಗೆ ಮನೆಗೆ ವೈಫೈ ಹಾಕಿಸಿದ ದಿನ ಫೋನಿನಲ್ಲಿ ಹದಿನೇಳು ಹೆಸರು ಕಾಣಿಸಿದವು. ಎಲ್ಲವೂ ಅಕ್ಕಪಕ್ಕದ ಮನೆಗಳವು. ಅವರ ಸಿಗ್ನಲ್ ನಮ್ಮ ಗೋಡೆ ದಾಟಿ ಬರುತ್ತಿತ್ತು. ಆ ಮಂದಿ ಮಾತ್ರ ಒಬ್ಬರೂ ನಮ್ಮ ಹೊಸ್ತಿಲು ದಾಟಿರಲಿಲ್ಲ. ನಮ್ಮ ಭಾನುವಳ್ಳಿಯಲ್ಲಿ ಹೊಸ ಸೊಸೆ ಬಂದರೆ ಸಂಜೆಯೊಳಗೆ ಓಣಿಯೇ ಬಂದು ನೋಡಿ ಹೋಗುತ್ತದೆ.

ವೈಫೈ ಹಾಕಿಸಿದ್ದು ತಂಗಿ ಶಿವಲೀಲಳಿಗಾಗಿ. ಅವಳಿಗೆ ಹುಟ್ಟಿನಿಂದ ಕಿವಿ ಕೇಳದು, ಮಾತು ಬಾರದು; ಶಾಲೆಗೂ ಕಳಿಸಲಿಲ್ಲ. ಚಿಕ್ಕಂದಿನಲ್ಲಿ ನಾವಿಬ್ಬರೇ ಕಟ್ಟಿಕೊಂಡ ಕೈಸನ್ನೆ ಮನೆಯಲ್ಲಿ ಬೇರೆ ಯಾರಿಗೂ ಪೂರ್ತಿ ತಿಳಿಯದು. ಮದುವೆಯಾಗಿ ನಾನು ದಾವಣಗೆರೆಗೆ ಬಂದ ಮೇಲೆ ಅವಳಿಗೆ ಉಳಿದದ್ದು ಅತ್ತಿಗೆಯ ಫೋನಿನ ವಿಡಿಯೋ ಕಾಲ್ ಒಂದೇ.

ಆದರೆ ಸಂಜೆಯಾದರೆ ಚಿತ್ರ ನಿಲ್ಲುತ್ತಿತ್ತು. ನಮ್ಮನೆಯಲ್ಲೇ ಟಿವಿ, ಮೂರು ಫೋನು, ಬಾಗಿಲ ಕ್ಯಾಮೆರಾ. "ಸ್ವಲ್ಪ ಟಿವಿ ಬಂದ್ ಮಾಡ್ರಿ" ಎಂದರೆ ಮನೆಯವರು, "ನಿನ್ನ ಒಂದು ಕಾಲಿಗೆ ಎಲ್ಲಾ ಬಂದ್ ಮಾಡ್ಬೇಕಾ?" ಎನ್ನುತ್ತಿದ್ದರು. ಶಿವಲೀಲಳ ಕೈ ಅರ್ಧಕ್ಕೇ ನಿಂತು, ಮತ್ತೆ ಅಲ್ಲಾಡುವಾಗ ಮಾತು ಮುಗಿದಿರುತ್ತಿತ್ತು. ಒಂದು ಸಂಜೆ 'ಇನ್ನೊಮ್ಮೆ' ಎಂದು ಎರಡು ಸಲ ಕೇಳಿದೆ. ಮೂರನೇ ಸಲವೂ ತಿಳಿಯಲಿಲ್ಲ. ನಾಚಿಕೆಯಾಗಿ ಸುಮ್ಮನೆ ಹೂಂ ಎಂದು ತಲೆಯಾಡಿಸಿದೆ.

ವಾರದ ಮೇಲೆ ಅಣ್ಣ ಫೋನ್ ಮಾಡಿದ. "ಗುತ್ತೂರಿನ ಸಂಬಂಧ ಗಟ್ಟಿ ಆತು. ನೀನು ಹೂಂ ಅಂದ ಮ್ಯಾಲೇ ಶಿವಲೀಲ ಒಪ್ಪಿದ್ಲು."

ಗಂಡಿಗೆ ಎರಡನೇ ಮದುವೆ. ವಯಸ್ಸು ಅಣ್ಣನಿಗಿಂತ ಹೆಚ್ಚು.

ಮರುದಿನವೇ ಹರಿಹರದಲ್ಲಿ ಬಸ್ಸು ಬದಲಿಸಿ ಊರಿಗೆ ಹೋದೆ. ಅಂದು ನಿನ್ನ ಕೈ ಕಾಣಲಿಲ್ಲ, ತಿಳಿಯದೇ ತಲೆಯಾಡಿಸಿದೆ ಎಂದು ತಂಗಿಯ ಎದುರು ಕೂತು ಸನ್ನೆ ಮಾಡಿದೆ. ಅವಳು ತಾಳಿ ಕಟ್ಟುವಂತೆ ಕೊರಳ ಮುಟ್ಟಿಕೊಂಡು, ಬೇಡವೆಂದು ಕೈ ಕೊಡವಿದಳು.

"ಮಾತು ಕೊಟ್ಟೀನಿ. ಈಗ ಅವರಿಗೆ ಏನಂತ ಹೇಳ್ಲಿ?" ಎಂದ ಅಣ್ಣ.

"ತಪ್ಪು ನಂದು ಅಂತ ಹೇಳಣ್ಣ. ಬೇಕಾದ್ರೆ ನಾನೇ ಹೇಳ್ತೀನಿ."

ಸಂಬಂಧ ಮುರಿಯಿತು. ಅತ್ತಿಗೆ ಅವತ್ತು ನನ್ನನ್ನು ಊಟಕ್ಕೆ ಏಳು ಎನ್ನಲಿಲ್ಲ.

ತಿರುಗಿ ಬಂದು ವೈಫೈ ಹಾಕಿದವನನ್ನು ಕರೆಸಿದೆ. "ಸುತ್ತಲಿನೋರ್ದೆಲ್ಲ ಒಂದೇ ಚಾನೆಲ್ ಐತ್ರಿ ಅಕ್ಕಾ. ಸಂತೇಲಿ ಎಲ್ರೂ ಒಮ್ಮೆಲೇ ಕೂಗಿದಂಗೆ," ಎಂದ. ಚಾನೆಲ್ ಎಂದರೆ ಸಿಗ್ನಲ್ ಓಡಾಡುವ ದಾರಿಯಂತೆ. ನಮ್ಮದನ್ನು ಖಾಲಿ ದಾರಿಗೆ ಹಾಕಿ, ಟಿವಿಗೆ ವೈರ್ ಎಳೆದ. ಅರ್ಧ ಗಂಟೆಯ ಕೆಲಸ. ಮೊದಲೇ ಕರೆಸಬಹುದಿತ್ತು.

ಈಗ ಚಿತ್ರ ನಿಲ್ಲುವುದಿಲ್ಲ. ಶಿವಲೀಲ ಮಾತ್ರ ಉಂಡೆಯಾ, ಆರಾಮಾ ಎಂದಷ್ಟೇ ಕೇಳಿ ಕೈ ಮಡಚಿಕೊಳ್ಳುತ್ತಾಳೆ. ಮನಸ್ಸಿನದೇನಿದ್ದರೂ ಎದುರು ಕೂತಾಗಲೇ ಹೇಳುವುದು. ಅದಕ್ಕೇ ತಿಂಗಳಿಗೊಮ್ಮೆ ಹೋಗುತ್ತೇನೆ. "ಯಾವಾಗ ಹೋಗ್ತಿ?" ಎಂದು ಅಣ್ಣ ಬಾಗಿಲಲ್ಲೇ ಕೇಳುತ್ತಾನೆ. ಇಲ್ಲಿಗೆ ಮರಳಿದರೆ ಕೆಳಮನೆಯವರು, "ಊರಿಗೆ ಹೋಗಿದ್ರೇನ್ರಿ?" ಎನ್ನುತ್ತಾರೆ.

ತಂಗಿ ಹತ್ರ ಹೋಗಿದ್ದೆ ಎನ್ನುತ್ತೇನೆ.